ಮುಂದಿನ ಆಸನದ ಚೀಲ

ಜುಲೈ ಹದಿನಾಲ್ಕು, ಬೆಳಿಗ್ಗೆ 8.40. ಹಿಂದವಾಡಿಯ ದೋಣಿ ವ್ಯಾಪಾರಿ ಪದ್ಮಾಕರ ಠಾಣೆಗೆ ಬಂದು ದೂರು ಕೊಟ್ಟ. ಮನೆಯ ಹಿಂದಿನ ಶೆಡ್ಡಿನಲ್ಲಿದ್ದ ಎರಡು ಮೋಟಾರು ದೋಣಿಗಳಲ್ಲಿ ಒಂದು ಟ್ರೇಲರ್ ಸಮೇತ ಕಳುವಾಗಿತ್ತು. ಮರುದಿನ ಖಾನಾಪುರದ ನೆರೆ ರಕ್ಷಣಾ ಸಮಿತಿ ಅವೆರಡರಲ್ಲಿ ಒಂದನ್ನು ಆರಿಸಬೇಕಿತ್ತು.

ಎಫ್‌ಐಆರ್ ದಾಖಲಿಸಿದ ಇನ್‌ಸ್ಪೆಕ್ಟರ್ ಚನ್ನಬಸಯ್ಯ, ಕಾನ್‌ಸ್ಟೆಬಲ್ ನೀಲಾಳೊಂದಿಗೆ ಶೆಡ್ಡಿಗೆ ಬಂದ. ಹದಿನೇಳು ಅಡಿಯ ದೊಡ್ಡ ದೋಣಿ ಮದುಮಗನಂತೆ ಮಿಂಚುತ್ತ ಅಲ್ಲೇ ಇತ್ತು. ಹೋದದ್ದು ಹದಿನಾಲ್ಕು ಅಡಿಯದು.

"ದೊಡ್ಡದು ಬಿಟ್ಟು ಸಣ್ಣದು ಯಾಕ ಒಯ್ದ?"

"ನಿಂತ ನೀರಾಗ ದೊಡ್ಡದು ಹಾರತೈತ್ರಿ," ಎಂದ ಪದ್ಮಾಕರ. "ಆದ್ರ ತಳ ಸಪಾಟ. ತೆರಿ ಬಂದ್ರ ಧಡಧಡ ಬಡಿತೈತಿ. ಸಣ್ಣದರ ತಳ ಕೊಡ್ಲಿ ಬಾಯಿ ಹಂಗ ಚೂಪ ಐತ್ರಿ, ತೆರಿ ಸೀಳತೈತಿ."

"ಸಮಿತಿಗೆ ಯಾವುದು ಹಿಡಿಸೇತಿ?"

"ದೊಡ್ಡದ್ರಿ. ಕೆರ್ಯಾಗ ಓಡಿಸಿ ತೋರ್ಸಿದ್ದೆ."

ಕಳ್ಳನಿಗೆ ನೀರು ಗೊತ್ತು ಎಂದುಕೊಂಡ ಚನ್ನಬಸಯ್ಯ. ಪಂಚನಾಮೆ ಬರೆಯುತ್ತಿದ್ದ ನೀಲಾ ಗೇಟಿನ ಬಳಿ ಗಾಲಿಗೆ ಸಿಕ್ಕಿ ಅಪ್ಪಚ್ಚಿಯಾದ ಲಿಂಬೆಹಣ್ಣು ತೋರಿಸಿದಳು. ಹೊಸ ಗಾಡಿ ಹೊರಡಿಸುವಾಗ ಇಡುವ ಹಣ್ಣು. ಮಾರಲೆಂದು ಕದ್ದವನು ಇಷ್ಟು ಅಕ್ಕರೆ ತೋರಿಸುವುದಿಲ್ಲ.

ಆಗ ಪದ್ಮಾಕರನ ತಾಯಿ ಹೀರಾಬಾಯಿ ಮೆಲ್ಲಗೆ ಬಾಯಿಬಿಟ್ಟಳು. "ಮುಂಜಾನೆ ಆರು ಗಂಟೆಕ್ಕ ಒಬ್ಬಾಂವ ಬಂದು ಸಣ್ಣ ದೋಣಿ ಜೀಪಿಗೆ ಕಟಗೊಂಡ. ಲಿಂಬಿಹಣ್ಣ ಇಟ್ಟು ಕೈ ಮುಗದ. ಗಿರಾಕಿ ಅಂತ ನಾನ ಗೇಟ ತಗದೆ. ಪೂಜಾ ಮಾಡಿ ಒಯ್ಯಾಂವಗ ಕಳ್ಳ ಅಂತ ಯಾರ ಅಂತಾರ್ರಿ?"

ಪದ್ಮಾಕರ ಹಣೆ ಚಚ್ಚಿಕೊಂಡ.

"ಹೆಂಗಿದ್ದ?"

"ಹಣಿ ತುಂಬ ವಿಭೂತಿ. ಎಡಗೈಯಾಗ ಎರಡ ಬೆರಳಿಲ್ಲ."

"ಬಸಲಿಂಗಪ್ಪ," ಎಂದ ಪದ್ಮಾಕರ. ನೆರೆ ಬಂದಾಗ ಖಾನಾಪುರದಲ್ಲಿ ದೋಣಿ ನಡೆಸುವವನು. ಕೆರೆಯಲ್ಲಿ ಓಡಿಸಿ ನೋಡಿ ಹೊಳೆಯ ದೋಣಿ ಆರಿಸಬೇಡಿ ಎಂದು ಸಮಿತಿಗೆ ಹೇಳಿದ್ದನಂತೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಗಿತ್ತು.

ಮಧ್ಯಾಹ್ನ 12.10, ಖಾನಾಪುರ. ಮಲಪ್ರಭೆ ತುಂಬಿ ಹರಿಯುತ್ತಿದ್ದಳು. ಸೇತುವೆಯ ಮೇಲೆ ಸಮಿತಿಯವರೆಲ್ಲ ನಿಂತಿದ್ದರು. ಬಸಲಿಂಗಪ್ಪನೇ ಫೋನು ಮಾಡಿ ಕರೆಸಿದ್ದ.

ಕಂಬಗಳ ಕೆಳಗೆ ಕೆಂಪು ನೀರು ಆಳೆತ್ತರ ಏಳುತ್ತಿತ್ತು. ಸಣ್ಣ ದೋಣಿ ಅದಕ್ಕೆ ಮೂತಿ ಕೊಟ್ಟು, ಸೀಳಿ, ಆಚೆ ಮೆತ್ತಗೆ ಇಳಿಯಿತು. ಬಸಲಿಂಗಪ್ಪ ತೆರೆ ಬಂದಾಗ ವೇಗ ತುಸು ಇಳಿಸಿ, ದಾಟಿದೊಡನೆ ಏರಿಸುತ್ತಿದ್ದ. ದಡದಿಂದ ದಡಕ್ಕೆ ಐವತ್ತು ಸೆಕೆಂಡು. ಎಂಥ ದೋಣಿ, ಎಂಥ ಕೈ ಎಂದು ಚನ್ನಬಸಯ್ಯನ ಮನಸ್ಸು ತುಂಬಿ ಬಂತು. ಬಂಧಿಸಲು ಬಂದದ್ದೇ ಮರೆತುಹೋಗಿತ್ತು.

ಮೂರು ಸಲ ಹೋಗಿ ಬಂದು ಬಸಲಿಂಗಪ್ಪ ದೋಣಿಯನ್ನು ಘಟ್ಟಕ್ಕೆ ಕಟ್ಟಿದ.

"ಬರ್ರಿ ಸಾಹೇಬ್ರ. ಹಾದಿ ನೋಡಾಕತ್ತಿದ್ದೆ."

"ಕದ್ದದ್ದು ಖರೇ ಏನು?"

"ಖರೇರಿ. ಕೇಳಿದ್ರ ಯಾರ ಕೊಡ್ತಿದ್ರು? ನಾಳೆ ದೊಡ್ಡದಕ್ಕ ಸಹಿ ಬೀಳತಿತ್ತು."

1.05ಕ್ಕೆ ಬಂಧನ. ಜಪ್ತಿ ಪಂಚನಾಮೆ ಮಾಡುವಾಗ ಮುಂದಿನ ಆಸನದ ಮೇಲೆ ಉಸುಕಿನ ಚೀಲ ಕಂಡಿತು. ಅದನ್ನು ಆಸನಕ್ಕೆ ಹಗ್ಗದಿಂದ ಬಿಗಿದಿರಲಿಲ್ಲ.

"ಇದ ಯಾಕ?"

ಬಸಲಿಂಗಪ್ಪ ಹೊಳೆ ಕಡೆ ನೋಡಿದ. "ಹ್ವಾದ ವರ್ಷ ಸಪಾಟ ತಳದ ದೋಣಿ ಕೊಟ್ಟಿದ್ರು. ನನ್ನ ಹೇಣ್ತಿ ಮಾಯವ್ವ ಮುಂದ ಕುಂತಿದ್ಲು, ನೀರಾಗ ಸಿಕ್ಕ ಹೆಣ್ಣಮಕ್ಕಳ್ನ ಮ್ಯಾಲ ಎಳಕೊಳ್ಳಾಕ. ತೆರಿ ಬಡದ ಏಟಿಗೆ ಹಾರಿ ಬಿದ್ಲು, ಸಿಗಲಿಲ್ಲ. ಅಕಿ ನಲವತ್ತೆಂಟ ಕಿಲೋ ಇದ್ಲ್ರಿ. ಚೀಲಾನೂ ಅಷ್ಟ ಐತಿ."

ಚನ್ನಬಸಯ್ಯ ಹೇಳಿದ, ನೀಲಾ ಪಂಚನಾಮೆಯಲ್ಲಿ ಬರೆದಳು: ಮೂರು ಸಲ ಹೊಳೆ ದಾಟಿ ಬಂದ ಮೇಲೂ ಚೀಲ ಇಟ್ಟಲ್ಲೇ ಇತ್ತು.

ಸಮಿತಿಯ ಅಧ್ಯಕ್ಷರು ಅದನ್ನು ಎರಡು ಸಲ ಓದಿ, ಪಂಚರಾಗಿ ಸಹಿ ಹಾಕಿದರು. ಮರುದಿನ ಸಣ್ಣ ದೋಣಿಯನ್ನು ಆರಿಸಿದ ಕಾಗದಕ್ಕೂ ಅವರೇ ಸಹಿ ಹಾಕಿದರು.