ಎರಡು ಹಾಳೆ ಹಿಂದಕ್ಕೆ

"ಮುಟ್ಟಬೇಡಿ ಮೇಡಂ."

ಮುನಿಕೃಷ್ಣ ಹೇಳಿದ್ದು ಇಷ್ಟೇ, ಅದೂ ಮೆಲ್ಲಗೆ. ಆದರೂ ಆಕೆಯ ಕೈ ಬಿಸಿ ಹೆಂಚು ತಗುಲಿದ ಹಾಗೆ ಹಿಂದಕ್ಕೆ ಹೋಯಿತು.

"ಇದು ನಮ್ಮಜ್ಜಿ ಪುಸ್ತಕ ಕಣ್ರೀ. ಚಿಕ್ಕಪ್ಪ ಮನೆ ಖಾಲಿ ಮಾಡೋವಾಗ ಟ್ರಂಕ್ ಸಮೇತ ನಿಮ್ಮ ಕಾಲೇಜಿಗೆ ಕೊಟ್ಬಿಟ್ರು. ಚಿಕ್ಕೋಳಿದ್ದಾಗ ಇದನ್ನ ತಲೆದಿಂಬು ಮಾಡ್ಕೊಂಡು ಮಲಗಿದೀನಿ. ಈಗ ನೋಡೋಕೆ ಪ್ರಿನ್ಸಿಪಾಲ್ ಲೆಟರ್ ತರಬೇಕಾಯ್ತು."

"ಆ ಲೆಟರ್ ನೋಡೋಕೆ ಮೇಡಂ. ಮುಟ್ಟೋಕಲ್ಲ."

"ಮತ್ತೆ ಪುಟ ಯಾರು ತಿರುಗಿಸ್ತಾರೆ?"

"ನಾನು."

ಆಕೆ ಕನ್ನಡಕದ ಮೇಲಿಂದ ಅವನ ಮುಖ ನೋಡಿದರು, ಆಮೇಲೆ ಅವನ ಕೈ ನೋಡಿದರು. "ತೊಳ್ಕೊಂಡಿದೀರಾ?"

"ಎರಡು ಸಲ."

ತುಟಿಯ ಒಂದು ಮೂಲೆಯಲ್ಲಿ ಮಾತ್ರ ನಗು ಬಂತು. ಇನ್ನೊಂದು ಮೂಲೆ ಇನ್ನೂ ಕೋಪದಲ್ಲಿತ್ತು. ಅದನ್ನು ಮುನಿಕೃಷ್ಣ ಮನೆಗೆ ಹೋಗುವ ದಾರಿಯುದ್ದಕ್ಕೂ ನೆನೆದುಕೊಂಡ.

ಚಾಮರಾಜಪೇಟೆಯ ಆ ಹಳೇ ಕಾಲೇಜಿನ ಲೈಬ್ರರಿಯಲ್ಲಿ ಮಹಡಿಯ ಮೇಲೊಂದು ಕೋಣೆ. ಬೇರೆಲ್ಲೂ ಸಿಗದ ಪುಸ್ತಕಗಳು, ಕೈಬರಹದ ಕಟ್ಟುಗಳು ಅಲ್ಲಿ ಬೀರುಗಳೊಳಗೆ ಇರುತ್ತವೆ. ಹೊರಗಿನವರಿಗೆ ಗುರುವಾರ ಮಾತ್ರ ಪ್ರವೇಶ. ಚೀಲ ಬಾಗಿಲಾಚೆ ಇಡಬೇಕು. ಪೆನ್ನು ತರುವಂತಿಲ್ಲ, ಪೆನ್ಸಿಲ್ ಸಾಕು. ಫೋಟೋ ತೆಗೆಯುವಂತಿಲ್ಲ. ಹೊಲಿಗೆ ಸಡಿಲವಾದ ಪುಸ್ತಕವಾದರೆ ದಿನಕ್ಕೆ ಹತ್ತೇ ಹಾಳೆ, ಅದೂ ಮೊದಲಿನಿಂದ ಸಾಲಾಗಿ. ನಿಲ್ಲಿಸಿದ ಕಡೆ ಮುನಿಕೃಷ್ಣ ಒಂದು ಬಿಳಿ ಚೀಟಿ ಇಟ್ಟು ಮುಚ್ಚುತ್ತಾನೆ. ಮುಂದಿನ ವಾರ ಆ ಚೀಟಿ ಇದ್ದಲ್ಲಿಂದ ಶುರು.

ಅವನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಾನೆ. ಹತ್ತೊಂಬತ್ತನೇ ವಯಸ್ಸಿಗೆ ಕಸ ಗುಡಿಸಲು ಬಂದು, ಧೂಳು ಹೊಡೆಯುತ್ತಾ ಹೊಡೆಯುತ್ತಾ ಯಾವ ಹಾಳೆಗೆ ಎಷ್ಟು ವಯಸ್ಸಾಗಿದೆ ಎಂದು ಬೆರಳಲ್ಲೇ ತಿಳಿಯುವಷ್ಟು ಕಲಿತ. ಈಗ ಐವತ್ತೆಂಟು. ಹೆಂಡತಿ ಹೋಗಿ ಹನ್ನೊಂದು ವರ್ಷವಾಗಿತ್ತು. ಇನ್ನೆರಡು ವರ್ಷದ ಕೆಲಸ ಈ ಕೋಣೆಯಲ್ಲೇ ಮುಗಿದರೆ ಸಾಕು, ಬೇರೇನೂ ಬೇಡ ಎಂದುಕೊಂಡಿದ್ದ.

ಆಕೆ ಗಿರಿಜಾಂಬಾ. ಗವಿಪುರಂ ಮನೆ. ಶೇಷಾದ್ರಿಪುರಂ ಶಾಲೆಯಲ್ಲಿ ಸಂಗೀತ ಹೇಳಿಕೊಟ್ಟು ರಿಟೈರ್ ಆದವರು, ಮದುವೆ ಆಗಿರಲಿಲ್ಲ. ಅಜ್ಜಿಯ ಪುಸ್ತಕದಲ್ಲಿ ಎಂಬತ್ತು ಹಾಳೆ, ಎಲ್ಲ ಹಾಡು. ಬೀಸುವಾಗ, ಹೂವು ಕಟ್ಟುವಾಗ, ಮಗು ತೂಗುವಾಗ ಹಾಡುವಂಥವು. ಪುಟಕ್ಕೆ ನಂಬರು ಕೂಡ ಇಲ್ಲ. ಆಕೆಗೆ ಸಿಕ್ಕ ಅನುಮತಿ ಎಂಟು ಗುರುವಾರಕ್ಕೆ.

ಮೊದಲ ಗುರುವಾರ ಆಕೆ "ಹ್ಞೂಂ" ಅಂದರೆ ಅವನು ಹಾಳೆ ತಿರುಗಿಸುತ್ತಿದ್ದ. ಎರಡನೆಯದಕ್ಕೆ ಪೆನ್ಸಿಲ್ ಎತ್ತಿದರೆ ಸಾಕಾಯಿತು. ಮೂರನೆಯದಕ್ಕೆ ಪೆನ್ಸಿಲ್ ಏಳುವ ಮೊದಲೇ ಹಾಳೆ ಏಳುತ್ತಿತ್ತು.

"ನಾನು ಮುಗಿಸಿದ್ದು ನಿಮಗೆ ಹೆಂಗೆ ಗೊತ್ತಾಗುತ್ತೆ?"

"ಹಾಡು ನಿಲ್ಲುತ್ತಲ್ಲ ಮೇಡಂ."

"ನಾನು ಹಾಡ್ತಿದ್ನಾ?"

"ಬಾಯಲ್ಲಲ್ಲ. ಗಂಟಲಲ್ಲೇ."

ಗಿರಿಜಾಂಬಾರ ಕೆನ್ನೆ ಕಿಟಕಿಯ ಬಣ್ಣದ ಗಾಜಿನ ಬೆಳಕಲ್ಲಿ ಕೆಂಪಾಯಿತೋ, ತಾನೇ ಕೆಂಪಾಯಿತೋ, ಅವನಿಗೆ ತಿಳಿಯಲಿಲ್ಲ. ಹೊರಗೆ ಹೊಂಗೆ ಹೂವು ಉದುರುತ್ತಿತ್ತು. ಮೆಟ್ಟಿಲ ಮೇಲೆಲ್ಲ ಅದೇ. ಆಕೆ ಬಂದಾಗ ಸೀರೆಯ ಅಂಚಿನಲ್ಲಿ ನಾಲ್ಕು ಹೂವು ಕೂಡ ಒಳಗೆ ಬರುತ್ತಿದ್ದವು. ಅವನ್ನು ಅವನು ಗುಡಿಸುತ್ತಿರಲಿಲ್ಲ.

"ಕಡೇ ಹಾಳೆಲಿ ಒಂದು ಜೋಗುಳ ಇದೆ," ಎಂದರು ಆಕೆ ಅವತ್ತು. "ಅದಕ್ಕೇ ನಾನು ಬಂದಿರೋದು. ರಾಗ ಬರುತ್ತೆ, ಮೊದಲೆರಡು ಸಾಲೂ ಬರುತ್ತೆ. ಕೊನೆ ಏನು ಅಂತ ಗೊತ್ತೇ ಇಲ್ಲ. ಅಜ್ಜಿ ಅಲ್ಲಿಗೆ ಬರೋಷ್ಟರಲ್ಲಿ ನಾನು ನಿದ್ದೆ ಹೋಗ್ಬಿಡ್ತಿದ್ದೆ."

"ಒಂದು ದಿನಾನೂ ಎಚ್ಚರ ಇರ್ಲಿಲ್ವಾ?"

"ಒಂದು ದಿನಾನೂ ಇಲ್ಲ. ಅಷ್ಟು ಚೆನ್ನಾಗಿ ಹಾಡ್ತಿದ್ರು."

"ಅದು ಓದಿದ್ಮೇಲೆ?"

"ಆಮೇಲೇನು, ಪುಸ್ತಕ ಮುಗೀತು. ನಿಮಗೂ ಬಿಡುಗಡೆ."

ಆಕೆ ನಗುತ್ತಲೇ ಹೇಳಿ ಹೋದರು. ಮುನಿಕೃಷ್ಣ ಪುಸ್ತಕದ ಮುಂದೆ ಒಬ್ಬನೇ ಕೂತ. ಚೀಟಿ ಮೂವತ್ತನೇ ಹಾಳೆಯ ಮೇಲಿತ್ತು. ಎಷ್ಟೋ ಹೊತ್ತು ಅದನ್ನೇ ನೋಡಿದ. ನಂತರ ಅವನ ಬೆರಳು, ಮೂವತ್ತೊಂಬತ್ತು ವರ್ಷದಲ್ಲಿ ಒಂದು ತಪ್ಪೂ ಮಾಡದ ಬೆರಳು, ಆ ಚೀಟಿಯನ್ನು ಎರಡು ಹಾಳೆ ಹಿಂದಕ್ಕೆ ಇಟ್ಟಿತು.

ನಾಲ್ಕನೇ ಗುರುವಾರ ಪುಸ್ತಕ ತೆರೆದಾಗ ಗಿರಿಜಾಂಬಾ ಮೊದಲ ಸಾಲಿಗೇ ನಿಂತರು. ಪೆನ್ಸಿಲ್ ಕಾಗದ ಮುಟ್ಟಲಿಲ್ಲ. ಆಕೆ ತಮ್ಮ ನೋಟ್‌ಬುಕ್ಕಿನ ಹಿಂದಿನ ಪುಟ ಮಗುಚಿ ನೋಡಿದರು, ಮತ್ತೆ ಮುಂದಿನ ಪುಟಕ್ಕೆ ಬಂದರು, ತಲೆ ಬಗ್ಗಿಸಿದರು. ಗಂಟಲ ಹಾಡು ಶುರುವಾಯಿತು. ಅವತ್ತು ಅದು ಎಂದಿಗಿಂತ ನಿಧಾನವಾಗಿತ್ತು.

ಗೊತ್ತಾಗಲಿಲ್ಲ ಎಂದುಕೊಂಡ ಅವನು. ಅವತ್ತು ಸಂಜೆಯೂ ಎರಡು ಹಾಳೆ. ಮುಂದಿನ ವಾರಗಳಲ್ಲೂ ಹಾಗೆಯೇ. ಒಟ್ಟು ಐದು ಸಲ.

ಎಂಟನೇ ಗುರುವಾರ ಮುಗಿದಾಗ ಹತ್ತು ಹಾಳೆ ಉಳಿದಿತ್ತು.

ಒಂದು ವಾರ ಹೆಚ್ಚಿಗೆ ಸಿಗುತ್ತದೆ, ಅಷ್ಟೇ ತಾನೇ ಎಂದು ಅವನು ಲೆಕ್ಕ ಹಾಕಿದ್ದ. ಆದರೆ ಆಕೆ ಇನ್ನೊಂದು ಗುರುವಾರ ಕೇಳಿದಾಗ ಲೈಬ್ರರಿಯನ್ ಮಧುಸೂದನ್ ತಲೆ ಅಲ್ಲಾಡಿಸಿದರು. ವಯಸ್ಸಿನಲ್ಲಿ ಚಿಕ್ಕವರು, ನಿಯಮದಲ್ಲಿ ಬಿಗಿ.

"ಇಲ್ಲ ಮೇಡಂ. ಸೋಮವಾರ ಈ ಬೀರುವಿನ ಪುಸ್ತಕ ಎಲ್ಲಾ ರಿಪೇರಿಗೆ ಹೋಗ್ತಿದೆ. ವಾಪಸ್ ಬರೋಕೆ ಎರಡು ವರ್ಷ ಆಗ್ಬಹುದು. ನಿಮ್ಮ ಎಂಟು ದಿನ ಆಯ್ತು."

"ಇನ್ನು ಹತ್ತೇ ಹಾಳೆ," ಎಂದರು ಗಿರಿಜಾಂಬಾ.

"ದಿನಕ್ಕೆ ಹತ್ತರ ಹಾಗೆ ಎಂಟು ದಿನಕ್ಕೆ ಎಂಬತ್ತು ಆಗ್ಬೇಕಿತ್ತಲ್ಲ ಮೇಡಂ. ನಿಧಾನ ಓದಿದೀರಿ."

ಆಕೆ ಮುನಿಕೃಷ್ಣನ ಕಡೆ ನೋಡಲಿಲ್ಲ. ಪೆನ್ಸಿಲನ್ನು ನೋಟ್‌ಬುಕ್ಕಿನೊಳಗಿಟ್ಟು ಎದ್ದು ನಿಂತರು. ಐವತ್ತು ವರ್ಷದಿಂದ ಕೇಳದ ಆ ಕೊನೆಯ ಸಾಲನ್ನು ಅಲ್ಲೇ ಬಿಟ್ಟು ಹೋಗಲು ತಯಾರಾದ ಆ ನಿಲುವು ನೋಡಿ ಮುನಿಕೃಷ್ಣ ಒಂದು ಹೆಜ್ಜೆ ಮುಂದೆ ಬಂದ.

"ಸರ್," ಎಂದ. "ಲೈಬ್ರರಿ ತಪ್ಪಿಂದ ಓದೋರ ದಿನ ಹಾಳಾದ್ರೆ ಇನ್ನೊಂದು ದಿನ ಕೊಡಬೇಕು ಅಂತ ಇದೆಯಲ್ಲ."

"ಇದೆ. ಲೋಪದ ರಿಜಿಸ್ಟರಲ್ಲಿ ಕಾರಣ ಬರೀಬೇಕು, ಓದೋರು ಸಹಿ ಹಾಕ್ಬೇಕು. ಏನ್ ತಪ್ಪಾಯ್ತು ಈಗ?"

"ರಿಜಿಸ್ಟರ್ ಕೊಡಿ ಸರ್."

"ನೀವು ಬರೀತೀರಾ ಮುನಿಕೃಷ್ಣಣ್ಣ? ಹೇಳಿ, ನಾನು ಬರ್ಕೋತೀನಿ."

"ಬೇಡ ಸರ್. ನಾನೇ ಬರೀತೀನಿ."

ಮೇಜಿನ ಮೇಲೆ ಬಗ್ಗಿ ಕೂತು ಬರೆದ. ಒಂದೊಂದು ಅಕ್ಷರವನ್ನೂ ಸೌದೆ ಜೋಡಿಸಿದ ಹಾಗೆ ಜೋಡಿಸಿದ. ಕಾಲು ಗಂಟೆ ಹಿಡಿಯಿತು. ಬರೆದದ್ದು ಇಷ್ಟು:

"ಗುರುವಾರ ಇವರು ಬರುವುದು ನಿಲ್ಲಬಾರದು ಅಂತ ನಾನು ಚೀಟಿಯನ್ನು ಐದು ಸಲ ಎರಡೆರಡು ಹಾಳೆ ಹಿಂದಕ್ಕೆ ಇಟ್ಟೆ. ಹಾಳೆಗೆ ಏನೂ ಆಗಿಲ್ಲ. ತಪ್ಪು ನನ್ನದು. ಮುನಿಕೃಷ್ಣ."

ಮಧುಸೂದನ್ ಓದಿದರು. ಮತ್ತೊಮ್ಮೆ ಓದಿದರು. ರಿಜಿಸ್ಟರನ್ನು ಗಿರಿಜಾಂಬಾರ ಮುಂದೆ ತಳ್ಳಿದರು.

ಮುನಿಕೃಷ್ಣ ನೆಲ ನೋಡುತ್ತಾ ನಿಂತ. ಸೀರೆಯಂಚಿನಿಂದ ಬಿದ್ದ ಹೂವು ಕಾಲ ಹತ್ತಿರ ಇತ್ತು. ಆಕೆ ಓದುತ್ತಿದ್ದಾರೆ ಎಂದು ಅವನಿಗೆ ತಿಳಿಯಿತು. ಮುಗಿಸಿದ್ದೂ ತಿಳಿಯಿತು. ಪೆನ್ಸಿಲ್ ಸರಸರ ಸದ್ದು ಮಾಡಿತು.

"ಮೇಡಂ, ರಿಜಿಸ್ಟರಲ್ಲಿ ಪೆನ್ನಲ್ಲಿ ಬರೀಬೇಕು," ಎಂದರು ಮಧುಸೂದನ್.

"ಪೆನ್ನು ತರಬಾರದು ಅಂತ ಬೋರ್ಡ್ ಹಾಕಿರೋರು ನೀವೇ ಅಲ್ವಾ?" ಎಂದು ಆಕೆ ಬರೆಯುವುದನ್ನು ಮುಗಿಸಿದರು.

ಮಧುಸೂದನ್ ಅದನ್ನು ಗಟ್ಟಿಯಾಗಿ ಓದಿದರು, ಓದಬೇಕೆಂದಲ್ಲ, ನಂಬಿಕೆಯಾಗದೆ: "ಮೊದಲ ಸಲವೇ ಗೊತ್ತಾಯಿತು. ಹೇಳಿದರೆ ಸರಿ ಮಾಡಿಬಿಡುತ್ತಾರೆ ಅಂತ ಹೇಳಲಿಲ್ಲ. ಅರ್ಧ ತಪ್ಪು ಓದುಗರದ್ದು. ಗಿರಿಜಾಂಬಾ."

ಓದಿ ರಿಜಿಸ್ಟರ್ ಮುಚ್ಚಿದರು.

"ನಾಳೆ ಬನ್ನಿ ಮೇಡಂ, ಹತ್ತು ಗಂಟೆಗೆ," ಎಂದರು ಮಧುಸೂದನ್ ಕೊನೆಗೆ. "ಮುನಿಕೃಷ್ಣಣ್ಣ, ನಾಳೆ ಒಂದಿನ ಇಲ್ಲಿ. ಸೋಮವಾರದಿಂದ ಕೆಳಗೆ ಪೇಪರ್ ಸೆಕ್ಷನ್ನಿಗೆ ಹೋಗಿ. ಇಷ್ಟಾದ್ಮೇಲೆ ಈ ಕೋಣೆಲಿ ನಿಮ್ಮನ್ನ ಇಟ್ಕೊಳ್ಳೋಕಾಗಲ್ಲ."

"ಸರಿ ಸರ್." ಮೂವತ್ತೊಂಬತ್ತು ವರ್ಷ ಆ ಒಂದು ಮಾತಿನಲ್ಲಿ ಮುಗಿಯಿತು. ಇಷ್ಟು ಹಗುರಾಗಿ ಮುಗಿಯುತ್ತದೆಂದು ಅವನು ಎಣಿಸಿರಲಿಲ್ಲ.

ಶುಕ್ರವಾರ ಹತ್ತು ಹಾಳೆಯೂ ಒಂದೇ ಉಸಿರಿನಂತೆ ಸಾಗಿದವು. ಕಡೆಯ ಹಾಳೆಗೆ ಬಂದಾಗ ಗಿರಿಜಾಂಬಾ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಕೊನೇ ಸಾಲು ನೀವೇ ಓದಿ."

"ನಾನಾ? ನಂಗೆ ಬೇಗ ಬರಲ್ಲ ಮೇಡಂ."

"ಯಾರಿಗಿದೆ ಅವಸರ?"

ಅವನು ಬೆರಳು ಹಾಳೆಗೆ ತಾಗಿಸದೆ, ಗಾಳಿಯಲ್ಲೇ ಸಾಲಿನ ಕೆಳಗೆ ಎಳೆಯುತ್ತಾ ಓದಿದ. "ಕಣ್ಣು... ಮುಚ್ಚಿದೆಯಾ ಚಿನ್ನ... ಇನ್ನು ನಾ... ಕೂತೇನು... ನಿನ್ನ ಪಕ್ಕದಲಿ... ಸುಮ್ಮನೆ."

ಆಕೆ ಕಣ್ಣು ಮುಚ್ಚಿಕೊಂಡಿದ್ದರು. ರೆಪ್ಪೆ ಒದ್ದೆಯಾಗಿತ್ತು. ಈ ಸಲ ಮಾತ್ರ ನಿದ್ದೆ ಬಂದಿರಲಿಲ್ಲ.

ಅವನೂ ಪಕ್ಕದಲ್ಲಿ ಸುಮ್ಮನೆ ಕೂತ. ಎಷ್ಟು ಹೊತ್ತೆಂದು ಇಬ್ಬರೂ ನೋಡಲಿಲ್ಲ.

ಕೆಳಗೆ, ಹೊಂಗೆ ಮರದಡಿ, ಗಿರಿಜಾಂಬಾ ಚೀಲದಿಂದ ತಮ್ಮ ನೋಟ್‌ಬುಕ್ ತೆಗೆದರು. ಎಂಬತ್ತು ಹಾಳೆಯ ಹಾಡೂ ಅದರಲ್ಲಿತ್ತು, ಐದು ಕಡೆ ಎರಡೆರಡು ಸಲ.

"ಪೇಪರ್ ಸೆಕ್ಷನ್ ಎಷ್ಟೊತ್ತಿಗೆ ಮುಚ್ಚುತ್ತೆ?"

"ಐದಕ್ಕೆ."

"ಗವಿಪುರಕ್ಕೆ ಬರೋಕೆ ಅರ್ಧ ಗಂಟೆ ಸಾಕು. ಗುರುವಾರ ಬನ್ನಿ. ಒಂದೊಂದೇ ಹಾಡೋಣ ಅಂತಿದೀನಿ. ಪುಟ ತಿರುಗಿಸೋಕೆ ಜನ ಬೇಕು, ನಂಗೆ ಅಭ್ಯಾಸ ತಪ್ಪೋಗಿದೆ."

ಆಕೆ ನೋಟ್‌ಬುಕ್ ಮುಂದೆ ಚಾಚಿದರು.

ಮುನಿಕೃಷ್ಣ ತನ್ನ ಎರಡೂ ಅಂಗೈ ನೋಡಿಕೊಂಡ. "ಇರಿ ಮೇಡಂ, ಕೈ ತೊಳ್ಕೊಂಡು ಬರ್ತೀನಿ."

"ಬೇಡ," ಎಂದರು ಗಿರಿಜಾಂಬಾ. ಈಗ ತುಟಿಯ ಎರಡೂ ಮೂಲೆಯಲ್ಲಿ ನಗುವಿತ್ತು. "ಹಂಗೇ ಹಿಡ್ಕೊಳ್ಳಿ."