ಮುಚ್ಚಿಟ್ಟ ಇಪ್ಪತ್ತೆರಡನೇ ಪೋರ್ಟ್

ಯಲ್ಲೇಶನನ್ನು ನಾನು ಮೊದಲು ನೋಡಿದಾಗ ಅವನು ಸೀನುತ್ತಿದ್ದ. ಬ್ಯಾಡಗಿಯ ನಮ್ಮ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿಗೆ ಹೊಸಬರು ಯಾರು ಬಂದರೂ ಮೊದಲು ಮಾಡುವ ಕೆಲಸ ಅದೇ. ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುವ ನಾನು ನೀರೇನೋ ಕೊಟ್ಟೆ, ನಗು ಮಾತ್ರ ತಡೆಯಲಾಗಲಿಲ್ಲ.

ರಾಣೆಬೆನ್ನೂರಿನ ನೆಟ್‌ವರ್ಕ್ ಎಂಜಿನಿಯರ್ ಅವನು. ಹಿಂದಿನ ದಿನ ಅಲ್ಲಿಂದಲೇ ಹೊರಗಿನವರನ್ನು ತಡೆಯುವ ನಮ್ಮ ಫೈರ್‌ವಾಲ್ ಬಿಗಿ ಮಾಡುವಾಗ, ಪೋರ್ಟ್ ಎನ್ನುವ ಬಾಗಿಲುಗಳಲ್ಲಿ ಬೇಡದವುಗಳ ಜೊತೆ ಇಪ್ಪತ್ತೆರಡನೆಯದನ್ನೂ ಮುಚ್ಚಿಬಿಟ್ಟಿದ್ದ. ದೂರದಿಂದ ನಮ್ಮ ಸರ್ವರ್ ಒಳಗೆ ಬರುವ ಎಸ್‌ಎಸ್‌ಎಚ್ ಎಂಬ ವ್ಯವಸ್ಥೆಗೆ ಇದ್ದದ್ದು ಅದೊಂದೇ ದಾರಿ. ಹೀಗೆ ತಾನೇ ಹೊರಗುಳಿದು, ಬಸ್ ಹತ್ತಿ ಬಂದಿದ್ದ.

ಆಮೇಲೆ ಪ್ರತಿ ಶುಕ್ರವಾರ ಬರತೊಡಗಿದ. ವೆಬ್‌ಸೈಟಿಗೆ 443, ಮೇಲ್ ಕಳಿಸಲು 587, ಸೈಟಿನ ಹೆಸರಿನಿಂದ ಅದರ ವಿಳಾಸ ಹುಡುಕಲು 53 ಎಂದು ನನಗೂ ಕಲಿಸಿದ. ತಪ್ಪು ಹೇಳಿದರೆ ಒಂದು ಹುಬ್ಬು ಏರಿಸುತ್ತಿದ್ದ. ಆ ಹುಬ್ಬು ನೋಡಲಿಕ್ಕೆಂದೇ ಎಷ್ಟೋ ಸಲ ಬೇಕಂತಲೇ ತಪ್ಪು ಹೇಳಿದ್ದೇನೆ.

ಎರಡು ತಿಂಗಳಾಗುವಷ್ಟರಲ್ಲಿ ನಮ್ಮ ಮಾಲೀಕರಾದ ಸದಾಶಿವ ಸಾಹುಕಾರರಿಗೆ ರೇಗಿತು. ಸಣ್ಣ ಕೆಲಸಕ್ಕೂ ಶುಕ್ರವಾರದ ತನಕ ಕಾಯಬೇಕು, ಬೇರೆಯವರನ್ನು ಗೊತ್ತು ಮಾಡುತ್ತೇನೆ ಎಂದರು. ಅವನು ರಾಣೆಬೆನ್ನೂರಿನಿಂದಲೇ ಏಕೆ ಮಾಡುತ್ತಿಲ್ಲ ಎಂದು ನನಗೆ ಅನುಮಾನ ಬಂತು. ಯಲ್ಲೇಶನೇ ಕೊಟ್ಟಿದ್ದ ಪಾಸ್‌ವರ್ಡ್ ಹಾಕಿ ಫೈರ್‌ವಾಲ್ ನೋಡಿದೆ. ಇಪ್ಪತ್ತೆರಡು ಇನ್ನೂ ಮುಚ್ಚಿಯೇ ಇತ್ತು. ಅರ್ಧ ನಿಮಿಷದ ಕೆಲಸವನ್ನು ಪುಣ್ಯಾತ್ಮ ಎಂಟು ಶುಕ್ರವಾರವಾದರೂ ಮಾಡಿರಲಿಲ್ಲ. ನನಗೆ ಸಿಟ್ಟು ಬರಬೇಕಿತ್ತು, ಬಂದದ್ದು ಖುಷಿ.

ತೆರೆದರೆ ಅವನ ಕೆಲಸ ಉಳಿಯುತ್ತದೆ, ಆದರೆ ಅವನು ಬರುವುದು ನಿಲ್ಲುತ್ತದೆ. ಚಹಾ ಆರಿಹೋಗುವಷ್ಟು ಹೊತ್ತು ಯೋಚಿಸಿದೆ. ಆಮೇಲೆ ಅವನ ಆಫೀಸಿನ ಇಂಟರ್ನೆಟ್ ವಿಳಾಸಕ್ಕೆ ಮಾತ್ರ ಆ ಪೋರ್ಟ್ ತೆರೆದು, ಫೋನ್ ಮಾಡಿದೆ.

"ಇಪ್ಪತ್ತೆರಡು ತೆಗದೇನ್ರಿ. ಇನ್ನ ಅಲ್ಲೇ ಕುಂತು ಕೆಲಸಾ ಮಾಡ್ರಿ. ಸಾಹುಕಾರ್ರು ಬ್ಯಾರೆಯವ್ರನ್ನ ಹುಡುಕಾಕತ್ತಾರ."

ಅವನು ಸಿಕ್ಕಿಬಿದ್ದ ಕಳ್ಳನ ಹಾಗೆ ಮೆಲ್ಲಗೆ ಹೇಳಿದ.

"ಮೊದಲನೇ ಸಲ ಖರೇನ ತಪ್ಪಾಗಿತ್ರಿ ಮೇಘಾ ಅವರ. ಆಮ್ಯಾಲೆ ಬೇಕಂತನ ಬಿಟ್ಟೆ. ನಿಮ್ಮನ್ನ ನೋಡಾಕ ನನ್ನ ಕಡೆ ಬ್ಯಾರೆ ನೆವಾ ಇರಲಿಲ್ರಿ."

ನನ್ನ ಕಿವಿಯೆಲ್ಲ ಬಿಸಿಯಾಯಿತು. ಎದುರಿಗೆ ಯಾರೂ ಇಲ್ಲದಿದ್ದರೂ ದುಪಟ್ಟಾ ಸರಿಮಾಡಿಕೊಂಡೆ. ಆಮೇಲೆ ಫೋನ್ ಇಟ್ಟುಬಿಟ್ಟೆ.

ಸಂಜೆಯೊಳಗೆ ಬಾಕಿ ಕೆಲಸವನ್ನೆಲ್ಲ ಅವನು ಅಲ್ಲಿಂದಲೇ ಮುಗಿಸಿದ. ಸಾಹುಕಾರರು ಬೇರೆಯವರ ಮಾತು ಬಿಟ್ಟರು. ಶುಕ್ರವಾರಕ್ಕೆ ಯಾವ ಕೆಲಸವೂ ಉಳಿದಿರಲಿಲ್ಲ. ಬೆಳಿಗ್ಗೆಯಿಂದ ನಾನು ಬಾಗಿಲು ನೋಡುತ್ತಲೇ ಇದ್ದೆ.

ಹನ್ನೊಂದರ ಬಸ್ಸಿಗೆ ಬಂದ. ಲ್ಯಾಪ್‌ಟಾಪ್ ಇಲ್ಲ, ಇಸ್ತ್ರಿ ಮಾಡಿದ ಅಂಗಿ. ಇವತ್ತೇನು ಕೆಟ್ಟಿದೆ ಎಂದು ಸಾಹುಕಾರರು ಕೇಳಿದರು. ಅವನು ನನ್ನ ಮುಖ ನೋಡಿದ, ಆಮೇಲೆ ನೆಲ ನೋಡಿದ.

ನಾನೇ ಎದ್ದು ನಿಂತೆ.

"ಏನೂ ಕೆಟ್ಟಿಲ್ರಿ ಸಾಹುಕಾರ್ರ. ಅವರು ನನ್ನ ನೋಡಾಕ ಬಂದಾರ."