ಮೂರನೆಯ ಎಚ್ಚರಿಕೆ

ಬಾಗಿಲ ಪಕ್ಕದ ಬೆಂಚಿನ ಮೇಲೆ ಕಣ್ಣು ಕೆಂಪಗೆ ಮಾಡಿಕೊಂಡು ಕುಳಿತಿದ್ದ ಹುಡುಗಿಯನ್ನು ಕಂಡು ಅವನಿಗೆ ಅಯ್ಯೋ ಅನ್ನಿಸಿತು.

ವಿಶ್ವವಿದ್ಯಾಲಯದ ಪ್ರಕೃತಿ ವಿಕೋಪ ಸಂಶೋಧನಾ ಸಂಸ್ಥೆಗೆ ಅಂಥವರು ಆಗಾಗ ಬರುತ್ತಿದ್ದರು. ಹಿಂದೆ ಗುಡ್ಡ ಕುಸಿದಾಗ ಮನೆಯವರನ್ನು ಕಳೆದುಕೊಂಡವರು. "ಮತ್ತೆ ಕುಸಿಯುತ್ತಾ ಸಾರ್?" ಎಂದು ಕೇಳುವವರು. ಅವನು ಭೂವಿಜ್ಞಾನಿ. ಆದರೂ ಆ ಪ್ರಶ್ನೆಗೆ ಅವನ ಬಳಿ ನೆಟ್ಟಗಿನ ಉತ್ತರ ಇರುತ್ತಿರಲಿಲ್ಲ. ಹಾಗಾಗಿ ಮೊದಲು ಕುಡಿಯಲು ನೀರು ಕೊಡುತ್ತಿದ್ದ.

ಅವಳಿಗೂ ಕೊಟ್ಟ. ಕುರ್ಚಿ ಎಳೆದುಕೊಂಡು ಎದುರಿಗೆ ಕುಳಿತು, ದನಿ ತಗ್ಗಿಸಿ ಕೇಳಿದ: "ನಿಧಾನವಾಗಿ ಹೇಳಿ. ಯಾರನ್ನ ಕಳ್ಕೊಂಡ್ರಿ?"

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಬೆಂಚಿನ ಕೆಳಗಿನಿಂದ ಬರಿಗಾಲನ್ನು ಮುಂದಕ್ಕೆ ಚಾಚಿದಳು. "ಒಂದು ಚಪ್ಪಲಿ. ಬಸ್ ಹತ್ತುವಾಗ ಬಿದ್ದೋಯ್ತು. ಕಣ್ಣು ಕೆಂಪಾಗಿರೋದು ನೆಗಡಿಗೆ. ನಾನು ಇವತ್ತಿಂದ ಇಲ್ಲಿ ಕೆಲಸಕ್ಕೆ ಸೇರೋಳು ಸಾರ್."

ಅವನ ಕಿವಿ ಬಿಸಿಯಾಯಿತು. ಅವಳು ನಗು ತಡೆಯಲು ಲೋಟವನ್ನು ತುಟಿಗೆ ಒತ್ತಿಕೊಂಡಳು. ಲೋಟದ ಅಂಚಿನ ಮೇಲಿಂದ ಆ ಕಣ್ಣುಗಳು ಮಾತ್ರ ನಗುತ್ತಿದ್ದವು.

ಸಂಸ್ಥೆ ಅಂದರೆ ಆಗ ರಸಾಯನಶಾಸ್ತ್ರ ವಿಭಾಗದ ಹಿಂದಿನ ಎರಡು ಕೋಣೆ. ಕಟ್ಟಿದವರು ಎಲ್ಲರ ಬಾಯಲ್ಲೂ 'ಮೇಷ್ಟ್ರು' ಆಗಿದ್ದ ಹಿರಿಯ ಪ್ರಾಧ್ಯಾಪಕರು. ಹಿಂದಿನ ಸಲ ಕುಸಿದ ಗುಡ್ಡ ಬಿರುಕು ಬಿಟ್ಟಿದ್ದು ಅವರ ವಿಭಾಗಕ್ಕೆ ಮೊದಲೇ ಗೊತ್ತಿತ್ತು, ಊರಿಗೆ ಗೊತ್ತಿರಲಿಲ್ಲ. ಆ ಸಂಕಟದಲ್ಲೇ ಅವರು ಕಚೇರಿ ಕಚೇರಿ ಅಲೆದು, ಕೈಕಾಲು ಹಿಡಿದು ಇದನ್ನು ಶುರುಮಾಡಿದ್ದರು.

"ಗುಡ್ಡ ಬೀಳೋದನ್ನ ನಿಲ್ಲಿಸೋಕೆ ನಮ್ಮಪ್ಪನ ಕೈಲೂ ಆಗಲ್ಲ," ಎನ್ನುತ್ತಿದ್ದರು ಮೇಷ್ಟ್ರು. "ಬೀಳೋ ಹೊತ್ತಿಗೆ ಜನ ಅಲ್ಲಿರಬಾರದು. ನಮ್ಮ ಕೆಲಸ ಅದೊಂದೇ. ಮಣ್ಣು ಓದೋರು ಇದ್ದೀರಿ, ಮನುಷ್ಯರನ್ನ ಓದೋರು ಬೇಕಿತ್ತು. ಅದಕ್ಕೇ ಈ ಹುಡುಗಿ."

ಅವನು ಗುಡ್ಡದ ಮೈಗೆ ಸೆನ್ಸರ್‌ಗಳನ್ನು ಹೂಳುತ್ತ ಹೋದ. ಅವಳು ಗುಡ್ಡದ ಕೆಳಗಿನ ಮನೆಗಳ ಬಾಗಿಲು ಬಡಿಯುತ್ತ ಹೋದಳು. ಅಪಾಯ ಅಂದರೆ ಹೊರಡುತ್ತೀರಾ, ಯಾರು ಹೇಳಿದರೆ ಹೊರಡುತ್ತೀರಾ ಎಂದು ಕೇಳಿದಳು. ಸಂಜೆ ಇಬ್ಬರೂ ಕೆಸರು ಮೆತ್ತಿದ ಕಾಲಲ್ಲಿ ಹಿಂದಿರುಗಿ ಒಂದೇ ನಲ್ಲಿಯ ಮುಂದೆ ನಿಲ್ಲುತ್ತಿದ್ದರು. ಯಾರು ಮೊದಲು ತೊಳೆದುಕೊಳ್ಳಬೇಕು ಎನ್ನುವ ಜಗಳದಲ್ಲೇ ಅರ್ಧ ಗಂಟೆ ಕಳೆಯುತ್ತಿತ್ತು. ಆ ಅರ್ಧ ಗಂಟೆಗಾಗಿ ಅವನು ಇಡೀ ದಿನ ಕಾಯುತ್ತಿದ್ದ.

"ಬರೀ ಸೈರನ್ ಕೂಗಿದ್ರೆ ಜನ ಏನಾಯ್ತು ನೋಡೋಣ ಅಂತ ಬೀದಿಗೆ ಬಂದು ನಿಲ್ತಾರೆ," ಎಂದು ಒಂದು ದಿನ ಅವಳು ಹೇಳಿದಳು. "ಮನುಷ್ಯರ ದನಿ ಬೇಕಂತೆ. ನೀವೇ ಹೇಳಿ, ರೆಕಾರ್ಡ್ ಮಾಡೋಣ."

"ನಾನ್ಯಾಕೆ?"

"ನಿಮ್ಮ ದನಿ ಕೇಳಿದ್ರೆ..." ಅವಳು ಫೋನಿನ ಕಡೆ ತಲೆ ತಗ್ಗಿಸಿದಳು. "ಹೇಳಿದ ಕಡೆ ಎದ್ದು ಹೋಗಬೇಕು ಅನ್ಸುತ್ತೆ."

"ಯಾರಿಗೆ ಅನ್ಸುತ್ತೆ? ಜನರಿಗಾ, ನಿಂಗಾ?"

'ನಿಂಗಾ' ಎಂದದ್ದು ಅವನಿಗೇ ತಡವಾಗಿ ತಿಳಿಯಿತು. ಅವಳು ತಲೆ ಎತ್ತಲಿಲ್ಲ. ಕೆನ್ನೆ ಮಾತ್ರ ನಿಧಾನವಾಗಿ ರಂಗೇರಿತು. "ನೀನು ಮೊದಲು ಮೈಕ್ ಕಡೆ ನೋಡು," ಎಂದಳು.

ಗುಡ್ಡದ ಬುಡದಲ್ಲಿ ಅವಳ ಅಕ್ಕನ ಟೈಲರಿಂಗ್ ಅಂಗಡಿ ಇತ್ತು. ಭಾವ ತೀರಿಕೊಂಡ ಮೇಲೆ ಅಕ್ಕ ಒಂದೇ ಮಿಷನ್ನಿನಲ್ಲಿ ಮಗಳು ಪುಟ್ಟಿಯನ್ನು ಸಾಕುತ್ತಿದ್ದಳು. ಬೀದಿಯ ಲೌಡ್‌ಸ್ಪೀಕರಿನಲ್ಲಿ ಆ ದನಿ ಮೊದಲ ಸಲ ಕೇಳಿಸಿದಾಗ, "ದಯವಿಟ್ಟು ಈಗಲೇ ಮನೆ ಬಿಟ್ಟು ಹೊರಡಿ" ಎಂದಾಗ, ಅಕ್ಕ ಪುಟ್ಟಿಯನ್ನು ಎತ್ತಿಕೊಂಡು ಓಡಿದಳು. ಗುಡ್ಡ ಬೀಳಲಿಲ್ಲ. ಎರಡನೆಯ ಸಲವೂ ಓಡಿದಳು. ಆಗಲೂ ಬೀಳಲಿಲ್ಲ. ನೆನೆದು ಹಾಳಾದ ಬಟ್ಟೆಗಳಿಗೆ ಗಿರಾಕಿಗಳಿಂದ ಬೈಸಿಕೊಂಡಳು.

"ನಿನ್ನ ಸೈರನ್ ಸಾಹೇಬ್ರ ದನಿ ಚೆನ್ನಾಗಿದೆ ಕಣೇ," ಎಂದು ತಂಗಿಯನ್ನು ಕೆಣಕಿದಳು. "ಹೇಳೋದು ಮಾತ್ರ ಬರೀ ಸುಳ್ಳು. ನಾಳೆ ನಿನ್ನ ಮದುವೆ ಆಗ್ತೀನಿ ಅಂದ್ರೂ ಎರಡು ಸಲ ಯೋಚ್ನೆ ಮಾಡು."

ಇದನ್ನು ಅವಳು ಅವನಿಗೆ ಹೇಳಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದಳು. ಅವನೂ ನಕ್ಕಿದ್ದ.

ಮೂರನೆಯ ಎಚ್ಚರಿಕೆ ಕೊಟ್ಟದ್ದು ಒಂದು ಮಧ್ಯಾಹ್ನ. ಅವಳು ಅವನ ಪಕ್ಕದಲ್ಲೇ ನಿಂತು ಅಕ್ಕನಿಗೆ ಫೋನ್ ಮಾಡಿದಳು.

"ಪುಟ್ಟಿ ಸ್ಕೂಲಲ್ಲೇ ಇದ್ದಾಳೆ, ಅದು ಎತ್ತರದಲ್ಲಿದೆ, ಭಯ ಇಲ್ಲ," ಎಂದಳು ಅಕ್ಕ. ಹಿಂದೆ ಮಿಷನ್ನಿನ ಸದ್ದು ಕೇಳಿಸುತ್ತಿತ್ತು. "ಯೂನಿಫಾರಂ ಇವತ್ತೇ ಕೊಡ್ಬೇಕು. ಒಂದು ತೋಳು ಬಾಕಿ. ಹೊಲಿದು ಬಂದ್ಬಿಡ್ತೀನಿ."

"ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ, ಈಗಲೇ ಏಳು!"

"ಬಂದೆ ಅಂದ್ನಲ್ಲೇ."

ಸದ್ದು ನಿಂತಿತು. ಮಿಷನ್ನಿನದೂ, ಫೋನಿನದೂ.

ಗುಡ್ಡ ಬಿದ್ದ ಮೇಲೂ ಸ್ಪೀಕರುಗಳನ್ನು ಆರಿಸಲು ಯಾರಿಗೂ ತೋಚಲಿಲ್ಲ. ಬೀದಿಯೇ ಇಲ್ಲದ ಕಡೆಗೆ ಮುಖ ಮಾಡಿ ಅವನ ದನಿ ಕತ್ತಲಾಗುವವರೆಗೆ ಹೇಳುತ್ತಲೇ ಇತ್ತು: ದಯವಿಟ್ಟು ಈಗಲೇ ಮನೆ ಬಿಟ್ಟು ಹೊರಡಿ. ಶಾಲೆಯ ಜಗಲಿಯಲ್ಲಿ ಅಮ್ಮನಿಗಾಗಿ ಕಾಯುತ್ತ ಪುಟ್ಟಿ ಅದನ್ನು ಕೇಳುತ್ತಲೇ ಇದ್ದಳು.

ಬಹಳ ಮಂದಿ ಹೊರಟು ಬದುಕಿಕೊಂಡಿದ್ದರು, ಅದು ನಿಜ. ಪತ್ರಿಕೆಗಳು ಹೊಗಳಿದವು. ದೂರದೂರದಿಂದ ಅಧಿಕಾರಿಗಳು ಬಂದು ಅವನ ಕೈ ಕುಲುಕಿದರು. ಸಂಸ್ಥೆಗೆ ಮೂರು ಅಂತಸ್ತಿನ ಸ್ವಂತ ಕಟ್ಟಡ, ಹೊಸ ಉಪಕರಣ, ಹೊಸ ಹುದ್ದೆಗಳು ಮಂಜೂರಾದವು. ಗೋಡೆ ಒಂದೊಂದು ಅಡಿ ಏಳುವಾಗಲೂ ಅವನಿಗೆ ಊಟ ಸೇರುತ್ತಿರಲಿಲ್ಲ. ಮೇಷ್ಟ್ರು ಒಂದು ದಿನ ಅಡಿಪಾಯದ ಪಕ್ಕ ನಿಂತು, "ಇಷ್ಟು ದೊಡ್ಡದು ನಾನು ಕೇಳಿರಲಿಲ್ಲ," ಎಂದಷ್ಟೇ ಹೇಳಿ ಹೋದರು.

ಹೊರಡದೆ ಉಳಿದವರು ಏಕೆ ಉಳಿದರು ಎಂದು ತಿಳಿಯುವುದು ಅವಳ ಕೆಲಸವಾಗಿತ್ತು. ರಜೆ ತಗೋ ಎಂದರೂ ಕೇಳದೆ ಬಂದಳು. ಸತ್ತವರ ಮನೆಯವರನ್ನೆಲ್ಲ ಕಂಡು ಮಾತಾಡಿಸಿದಳು. ಕೊನೆಗೊಂದು ಮಧ್ಯಾಹ್ನ ಅವನೆದುರು ಕುಳಿತಳು.

"ಮಾತಾಡಿಸೋಕೆ ಇನ್ನೊಬ್ಬರು ಉಳಿದಿದ್ದಾರೆ. ನನ್ನನ್ನ ನೀನೇ ಕೇಳು."

"ಬೇಡ ಕಣೇ."

"ಕೇಳು."

ಅವನು ಪ್ರಶ್ನೆಗಳ ಹಾಳೆ ಎಳೆದುಕೊಂಡ. "ಅವರಿಗೆ ಎಚ್ಚರಿಕೆ ಕೇಳಿಸಿತ್ತಾ?"

"ಕೇಳಿಸಿತ್ತು."

"ನಂಬಿಕೆ ಇತ್ತಾ?"

"ಇತ್ತು. ಎರಡು ಸಲ ಇತ್ತು."

ಅವನು ಹಾಳೆ ಬದಿಗೆ ಸರಿಸಿದ. ಮೇಜಿನ ಮೇಲೆ ಬಾಗಿ ಅತ್ತ. ಅವಳು ಎದ್ದು ಬಂದು ಅವನ ತಲೆಯ ಮೇಲೆ ಕೈಯಿಟ್ಟಳು. ಮೊದಲ ಸಲ ಅವಳು ಅವನನ್ನು ಮುಟ್ಟಿದ್ದು ಆಗಲೇ.

ಕೆಲವು ದಿನಗಳ ನಂತರ ಮದುವೆಯ ಮಾತೆತ್ತಲೆಂದೇ ಅವನು ಅವಳ ಮನೆಗೆ ಹೋದ. ಪುಟ್ಟಿ ಈಗ ಅವಳ ಜೊತೆಗೇ ಇದ್ದಳು. ಬಾಗಿಲಲ್ಲಿ ನಿಂತು, "ಒಳಗೆ ಬರಲಾ?" ಎಂದನಷ್ಟೇ. ಆ ದನಿ ಕೇಳಿದ್ದೇ ತಡ, ಒಳಗೆ ಏನೋ ಉರುಳಿತು. ಬಾಗಿಲು ತೆರೆದಿದ್ದ ಅವಳು ಒಳಗೆ ಓಡಿದಳು. ಹೊರಗೆ ನಿಂತವನಿಗೆ ಕಂಡದ್ದು ಮೇಜಿನ ಕೆಳಗೆ ಮಡಚಿಕೊಂಡಿದ್ದ ಎರಡು ಪುಟ್ಟ ಕಾಲು. ಮಗು ಕಿವಿ ಮುಚ್ಚಿಕೊಂಡು ಒಂದೇ ಸಮನೆ ಕೂಗುತ್ತಿತ್ತು: "ಅಮ್ಮ ಏಳು! ಅಮ್ಮ ಏಳು!"

ಅವನು ಮೆಟ್ಟಿಲಿಳಿದು ರಸ್ತೆಗೆ ಬಂದ. ಬಹಳ ಹೊತ್ತಿನ ಮೇಲೆ ಅವಳು ಬಂದಳು.

"ಡಾಕ್ಟರ್ ಹತ್ರ ತೋರಿಸ್ತಿದೀನಿ. ಗುಡ್ಡ ಕಾಣದ, ಸ್ಪೀಕರ್ ಇಲ್ಲದ ಕಡೆ ಕರ್ಕೊಂಡು ಹೋಗಿ ಅಂದ್ರು. ಬಯಲಲ್ಲಿ ಒಂದು ಊರಿದೆ. ಅಲ್ಲಿನ ಸ್ಕೂಲಲ್ಲಿ ಕೆಲಸ ಸಿಕ್ಕಿದೆ."

"ನಾನೂ ಬರ್ತೀನಿ. ಇದನ್ನ ಬಿಟ್ಬಿಡ್ತೀನಿ."

"ಪಕ್ಕದ ಗುಡ್ಡ ಬಿರುಕು ಬಿಟ್ಟಿದೆ ಅಂತ ಹೋದ ವಾರ ನೀನೇ ಹೇಳ್ದೆ. ಅದರ ಕೆಳಗೆ ಎಷ್ಟು ಮನೆ ಇದೆ ಅಂತ ನಾನು ಬಾಗಿಲು ಬಡಿದು ನೋಡಿದೀನಿ. ನೀನು ಬಂದ್ರೆ ಅದನ್ನ ಕಾಯೋರು ಯಾರು? ಬಂದ್ರೂ, ಮನೇಲಿ ಬಾಯಿ ಮುಚ್ಕೊಂಡು ಎಷ್ಟು ವರ್ಷ ಇರ್ತೀಯ?"

"ನನ್ನ ಮೇಲೆ ಕೋಪನಾ?"

"ನಿನ್ನದೇನಾದ್ರೂ ತಪ್ಪಿದ್ದಿದ್ರೆ ಚೆನ್ನಾಗಿತ್ತು," ಎಂದಳು ಅವಳು. "ಕ್ಷಮಿಸಿ ಮದುವೆ ಆಗಿಬಿಡ್ತಿದ್ದೆ. ಏನೂ ತಪ್ಪಿಲ್ವಲ್ಲೋ. ಏನನ್ನ ಕ್ಷಮಿಸಲಿ?"

ಹೊಸ ಕಟ್ಟಡದ ಉದ್ಘಾಟನೆಯ ದಿನವೇ ಅವರು ಹೊರಟರು. ಸಮಾರಂಭದಲ್ಲಿ ಅವನ ಕುರ್ಚಿ ಖಾಲಿ ಉಳಿಯಿತು. ಬಸ್ ನಿಲ್ದಾಣಕ್ಕೆ ಬಂದು, ಒಂದೂ ಮಾತಾಡದೆ ಅವರ ಪೆಟ್ಟಿಗೆಗಳನ್ನು ಮೇಲೆ ಏರಿಸಿದ. ಪುಟ್ಟಿ ಅವನ ಮುಖ ಕಂಡಿರಲಿಲ್ಲ. ಕಿಟಕಿಯ ಪಕ್ಕ ಕುಳಿತು ಅವನನ್ನೇ ನೋಡಿ ಸಣ್ಣಗೆ ನಕ್ಕಳು.

"ಚಿಕ್ಕಿ, ಈ ಮಾಮಂಗೆ ಮಾತು ಬರಲ್ವಾ?"

"ಬರುತ್ತೆ ಪುಟ್ಟಿ." ಅವಳು ಕಿಟಕಿಯ ಸರಳಿನ ಆಚೆಗೆ ಕೈ ಚಾಚಿ ಅವನ ಬೆರಳುಗಳನ್ನು ಹಿಡಿದುಕೊಂಡಳು. ಕಣ್ಣು ಅವನ ಕಣ್ಣು ಬಿಟ್ಟು ಕದಲಲಿಲ್ಲ. "ಈ ಮಾಮ ಏನು ಹೇಳ್ತಿದಾನೆ ಗೊತ್ತಾ? ನಿನ್ನ ಚಿಕ್ಕಿ ಅಂದ್ರೆ ಪ್ರಾಣ ಅಂತೆ."

"ನೀನೇನು ಹೇಳ್ತೀಯ?"

"ನಂಗೂ ಅಷ್ಟೇ ಅಂತೀನಿ. ಸಾಯೋವರೆಗೂ ಅಷ್ಟೇ ಅಂತೀನಿ."

ಅವನು ಹಲ್ಲು ಕಚ್ಚಿ ನಿಂತ. ಬಸ್ಸು ಚಲಿಸಿದಾಗ ಬೆರಳುಗಳು ತಾವಾಗಿಯೇ ಬಿಟ್ಟುಕೊಂಡವು. ಮಗು ತಿರುವಿನವರೆಗೂ ಕೈ ಬೀಸುತ್ತಿತ್ತು. ಅವಳು ಹಿಂದಿರುಗಿ ನೋಡಲಿಲ್ಲ.

ಸಂಜೆಗೆ ಮೋಡ ಕವಿದು ಮಳೆ ಶುರುವಾಯಿತು. ಪಕ್ಕದ ಗುಡ್ಡವನ್ನು ನೋಡಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ಅವನು ಕೆಲಸಕ್ಕೆ ಹೋದ.